ಮುಖದ ಮೂಳೆ ಮುರಿದಾಗ: ಕಾರಣಗಳು, ಬಗೆಗಳು ಮತ್ತು ಗುರುತಿಸುವ ಕ್ರಮ

ಮುಖಕ್ಕೆ ಪೆಟ್ಟು ಬಿದ್ದಾಗ ಮೊದಲು ಕಣ್ಣಿಗೆ ಬೀಳುವುದು ರಕ್ತ ಮತ್ತು ಊತ. ಇವೆರಡೂ ನೋಡುವವರನ್ನು ಗಾಬರಿಗೊಳಿಸುತ್ತವೆ, ಆದರೆ ಒಳಗಿನ ಮೂಳೆಯ ಸ್ಥಿತಿಯ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಮುಖದಲ್ಲಿ ರಕ್ತಸಂಚಾರ ಬಹಳ ಹೆಚ್ಚಾಗಿರುವುದರಿಂದ ತುಟಿಯ ಮೇಲಿನ ಸಣ್ಣ ಗಾಯದಿಂದಲೂ ಧಾರಾಳವಾಗಿ ರಕ್ತ ಸುರಿಯುತ್ತದೆ. ಚರ್ಮ ಒಂದಿಷ್ಟೂ ಹರಿಯದೆ ಒಳಗಿನ ಕೆನ್ನೆಮೂಳೆ ಹಲವು ಕಡೆ ಬಿಟ್ಟುಕೊಂಡಿರುವುದೂ ಉಂಟು. ಅದಲ್ಲದೆ, ಕೆಲವೇ ಗಂಟೆಗಳಲ್ಲಿ ಊತ ಏರಿ, ತಗ್ಗಿದ ಕೆನ್ನೆ, ಸೊಟ್ಟಗಾದ ಮೂಗು, ಒಳಸರಿದ ಕಣ್ಣು ಎಲ್ಲವನ್ನೂ ಮುಚ್ಚಿಬಿಡುತ್ತದೆ. ಆದ್ದರಿಂದ ಪೆಟ್ಟು ಬಿದ್ದವರ ಮುಖ ಹೇಗೆ ಕಾಣುತ್ತಿದೆ ಎನ್ನುವುದಕ್ಕಿಂತ ಅದು ತನ್ನ ಕೆಲಸವನ್ನು ಹೇಗೆ ಮಾಡುತ್ತಿದೆ ಎನ್ನುವುದನ್ನು ಗಮನಿಸುವುದು ಮೇಲು. ಉಸಿರು ಸರಾಗವಾಗಿ ಆಡುತ್ತಿದೆಯೇ, ಎರಡೂ ಕಣ್ಣು ಮೊದಲಿನಂತೆ ಕಾಣುತ್ತಿವೆಯೇ, ಮೇಲಿನ ಮತ್ತು ಕೆಳಗಿನ ಹಲ್ಲುಗಳು ಮೊದಲಿನಂತೆ ಕೂಡುತ್ತಿವೆಯೇ, ಕೆನ್ನೆ, ತುಟಿ, ಗದ್ದದ ಚರ್ಮಕ್ಕೆ ಸ್ಪರ್ಶ ತಿಳಿಯುತ್ತಿದೆಯೇ ಎಂಬ ನಾಲ್ಕು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿದರೆ ಮುರಿತದ ಸಂಶಯ ಇದೆಯೇ ಇಲ್ಲವೇ, ಇದ್ದರೆ ಎಲ್ಲಿ ಎಂಬುದು ಬಹುಮಟ್ಟಿಗೆ ತಿಳಿದುಬಿಡುತ್ತದೆ. ಈ ಲೇಖನ ಆ ಕ್ರಮವನ್ನೇ ಅನುಸರಿಸುತ್ತದೆ.

ಮೂಳೆ ಎಲ್ಲಿ ಗಟ್ಟಿ, ಎಲ್ಲಿ ತೆಳು

ಮುಖದ ಅಸ್ಥಿಪಂಜರದಲ್ಲಿ 14 ಮೂಳೆಗಳಿವೆ. ಅವುಗಳಲ್ಲಿ ಕೆಳದವಡೆಯೊಂದೇ ಚಲಿಸುತ್ತದೆ. ಉಳಿದವು ಒಂದಕ್ಕೊಂದು ಬಿಗಿಯಾಗಿ ಸೇರಿಕೊಂಡು ತಲೆಬುರುಡೆಯ ತಳಕ್ಕೆ ಅಂಟಿಕೊಂಡಿವೆ. ಮೇಲಿನ ಹಲ್ಲುಗಳ ಸಾಲಿನಿಂದ ತಲೆಬುರುಡೆಯ ಕಡೆಗೆ, ಮೂಗಿನ ಪಕ್ಕದಲ್ಲೂ ಕೆನ್ನೆಯ ಮೂಲಕವೂ, ದಪ್ಪನೆಯ ಮೂಳೆಯ ಭಾಗಗಳು ನಿಂತ ಹಾಗೆ ಸಾಗುತ್ತವೆ. ಅವುಗಳ ನಡುವೆ ಇರುವುದು ಬಹಳ ತೆಳುವಾದ ಮೂಳೆ ಮತ್ತು ಸೈನಸ್‌ಗಳೆಂಬ ಗಾಳಿ ತುಂಬಿದ ಟೊಳ್ಳುಗಳು. ಜಗಿಯುವಾಗ ಕೆಳಗಿನಿಂದ ಮೇಲಕ್ಕೆ ಏಳುವ ಬಲವನ್ನು ಈ ರಚನೆ ಸಲೀಸಾಗಿ ಹೊರುತ್ತದೆ. ಮುಂದಿನಿಂದ ಅಥವಾ ಬದಿಯಿಂದ ಬರುವ ಹೊಡೆತಕ್ಕೆ ಅದು ಸಿದ್ಧವಾಗಿಲ್ಲ. ಮೂಗಿನ ಮೂಳೆ ಎಲ್ಲಕ್ಕಿಂತ ಕಡಿಮೆ ಬಲಕ್ಕೆ ಮುರಿಯುತ್ತದೆ. ಹಣೆಯ ಮೂಳೆ ಮುರಿಯಲು ಬಹಳ ಹೆಚ್ಚಿನ ಬಲ ಬೇಕು. ಹಾಗಾಗಿ ಹಣೆಯ ಮೂಳೆ ಮುರಿದಿದೆ ಎಂದರೆ ಮಿದುಳಿಗೂ ಕುತ್ತಿಗೆಗೂ ಪೆಟ್ಟಾಗಿರಬಹುದು ಎಂದು ಎಣಿಸಿಯೇ ಮುಂದುವರಿಯಬೇಕು.

ಕಣ್ಣಿನ ಗೂಡನ್ನು ರೂಪಿಸುವುದು ಏಳು ಮೂಳೆಗಳು. ಅದರ ಅಂಚು ಗಟ್ಟಿಯಾಗಿದ್ದರೂ ತಳ ಮತ್ತು ಮೂಗಿನ ಕಡೆಯ ಗೋಡೆ ತೀರ ತೆಳುವಾಗಿವೆ. ಈ ಒಂದು ಸಂಗತಿ ಮುಂದೆ ಹೇಳುವ ಹಲವು ಲಕ್ಷಣಗಳಿಗೆ ಮೂಲ.

ಯಾವ ಪೆಟ್ಟಿನಿಂದ ಯಾವ ಮುರಿತ

ರಸ್ತೆ ಅಪಘಾತ, ಹಲ್ಲೆ, ಬೀಳುವುದು, ಆಟೋಟ, ಕೆಲಸದ ಸ್ಥಳದ ಅವಘಡ ಇವು ಮುಖದ ಮೂಳೆ ಮುರಿಯಲು ಮುಖ್ಯ ಕಾರಣಗಳು. ಪೆಟ್ಟು ಹೇಗಾಯಿತೆಂದು ವೈದ್ಯರು ಪದೇಪದೇ ಕೇಳುವುದು ಕುತೂಹಲಕ್ಕಲ್ಲ. ಪೆಟ್ಟಿನ ದಿಕ್ಕು, ವೇಗ, ತಗುಲಿದ ವಸ್ತುವಿನ ಗಾತ್ರ ಇವು ಎಲ್ಲಿ ಹುಡುಕಬೇಕು ಎಂಬುದನ್ನು ನಿರ್ಧರಿಸುತ್ತವೆ. ವಾಹನದ ವೇಗದಲ್ಲಿ ಮುಖ ಅಗಲವಾದ ಗಟ್ಟಿ ಮೇಲ್ಮೈಗೆ ಅಪ್ಪಳಿಸಿದಾಗ ಒಂದೇ ಮೂಳೆ ಮುರಿದು ನಿಲ್ಲುವುದು ಅಪರೂಪ. ಮುಖದ ನಡುಭಾಗವೇ ಕುಸಿದಿರಬಹುದು. ಸೀಟ್ ಬೆಲ್ಟ್ ಮತ್ತು ಗದ್ದವನ್ನೂ ಮುಚ್ಚುವ ಪೂರ್ಣ ಹೆಲ್ಮೆಟ್ ಇಂಥ ಗಾಯಗಳನ್ನು ತಗ್ಗಿಸುತ್ತವೆ. ತಲೆಯನ್ನಷ್ಟೇ ಮುಚ್ಚುವ ಅರ್ಧ ಹೆಲ್ಮೆಟ್ ಮಿದುಳನ್ನು ಒಂದು ಮಟ್ಟಿಗೆ ಕಾಪಾಡಿದರೂ ದವಡೆಗಳನ್ನು ಬಯಲಿಗೇ ಬಿಡುತ್ತದೆ.

ಮುಷ್ಟಿಯ ಗುದ್ದಿಗೆ ಹೆಚ್ಚಾಗಿ ಸಿಗುವುದು ಮೂಗು, ಕೆನ್ನೆಮೂಳೆ ಮತ್ತು ಕೆಳದವಡೆಯ ಕೋನ. ಹೊಡೆಯುವವರಲ್ಲಿ ಬಲಗೈಯವರೇ ಹೆಚ್ಚಾದ್ದರಿಂದ ಎದುರಿಗಿರುವವರ ಎಡಭಾಗಕ್ಕೆ ಹೆಚ್ಚು ಪೆಟ್ಟಾಗುತ್ತದೆ. ಮನೆಯೊಳಗಿನ ಹಿಂಸೆ ಬೆಳಕಿಗೆ ಬರುವುದು ಎಷ್ಟೋ ಬಾರಿ ಇಂಥ ಮುರಿತಗಳ ಮೂಲಕವೇ. ಹೇಳುವ ಕಾರಣಕ್ಕೂ ಕಾಣುವ ಗಾಯಕ್ಕೂ ಹೊಂದಿಕೆಯಾಗದಿದ್ದಾಗ, ಹಳೆಯ ಮತ್ತು ಹೊಸ ಗಾಯಗಳು ಒಟ್ಟಿಗೆ ಕಂಡಾಗ, ಜೊತೆಗೆ ಬಂದವರೇ ಎಲ್ಲ ಪ್ರಶ್ನೆಗಳಿಗೂ ಉತ್ತರಿಸುತ್ತಿದ್ದಾಗ, ಗಾಯಗೊಂಡವರನ್ನು ಒಂಟಿಯಾಗಿ ಮಾತನಾಡಿಸುವುದು ಚಿಕಿತ್ಸೆಯ ಒಂದು ಭಾಗವೆಂದೇ ನಾನು ಭಾವಿಸುತ್ತೇನೆ.

ಚೆಂಡು ಅಥವಾ ಮುಷ್ಟಿ ಕಣ್ಣಿನ ಮೇಲೆ ನೇರವಾಗಿ ಬಿದ್ದಾಗ ಗೂಡಿನೊಳಗಿನ ಒತ್ತಡ ಥಟ್ಟನೆ ಏರಿ, ಇಲ್ಲವೇ ಅಂಚಿಗೆ ಬಿದ್ದ ಪೆಟ್ಟು ಹಿಂದಕ್ಕೆ ಹರಿದು, ತೆಳುವಾದ ತಳ ಒಡೆಯುತ್ತದೆ. ಅಂಚು ಹಾಗೆಯೇ ಉಳಿದಿರಬಹುದು. ಗದ್ದ ನೆಲಕ್ಕೆ ಬಡಿದಾಗ ಬಲ ದವಡೆಯುದ್ದಕ್ಕೂ ಹಿಂದಕ್ಕೆ ಸಾಗಿ ಕಿವಿಯ ಮುಂದಿರುವ ಕೀಲಿನ ಕತ್ತನ್ನು ಮುರಿಯುತ್ತದೆ. ಪ್ರಜ್ಞೆ ತಪ್ಪಿ ಕೈ ಊರದೆ ಮುಂದಕ್ಕೆ ಬೀಳುವವರಲ್ಲಿ ಗದ್ದದ ನಡುವೆಯೂ ಎರಡೂ ಕೀಲುಗಳಲ್ಲೂ ಒಟ್ಟಿಗೆ ಮುರಿತವಾಗುತ್ತದೆ. ಕವಾಯತಿನಲ್ಲಿ ಬಹುಹೊತ್ತು ನಿಂತು ತಲೆಸುತ್ತಿ ಬೀಳುವ ಸೈನಿಕರಲ್ಲಿ ಇದು ಕಂಡುಬರುತ್ತಿದ್ದುದರಿಂದ ವೈದ್ಯರಲ್ಲಿ ಇದಕ್ಕೆ ಕಾವಲು ಸೈನಿಕರ ಮುರಿತ ಎಂಬ ಹೆಸರೇ ಇದೆ.

ದೊಡ್ಡ ಪೆಟ್ಟಿಲ್ಲದೆಯೂ ಮೂಳೆ ಮುರಿಯಬಹುದು ಎಂಬುದು ಹಲವರಿಗೆ ತಿಳಿಯದು. ಹಲ್ಲುಗಳೆಲ್ಲ ಬಿದ್ದು ವರ್ಷಗಳಾದ ವಯಸ್ಸಾದವರಲ್ಲಿ ಕೆಳದವಡೆ ಸವೆದು ಸಣ್ಣದಾಗಿರುತ್ತದೆ. ದವಡೆಯೊಳಗೆ ದೊಡ್ಡ ಗಡ್ಡೆ ಅಥವಾ ನೀರುಗುಳ್ಳೆ ಬೆಳೆದವರಲ್ಲಿ, ಕ್ಯಾನ್ಸರ್‌ಗಾಗಿ ಆ ಭಾಗಕ್ಕೆ ವಿಕಿರಣ ಚಿಕಿತ್ಸೆ ಪಡೆದವರಲ್ಲಿ, ಆಳದಲ್ಲಿ ಹುದುಗಿದ ಬುದ್ಧಿಹಲ್ಲನ್ನು ತೆಗೆಸಿಕೊಂಡ ಮೊದಲ ಕೆಲವು ವಾರಗಳಲ್ಲಿ, ಗಟ್ಟಿಯಾದುದನ್ನು ಜಗಿಯುವಾಗಲೇ ದವಡೆ ಕಟಕ್ಕೆಂದು ಮುರಿದ ಉದಾಹರಣೆಗಳಿವೆ. ಇಂಥವರು ಹಠಾತ್ತಾಗಿ ದವಡೆ ನೋವೆಂದರೆ ಪೆಟ್ಟೇ ಬಿದ್ದಿಲ್ಲವೆಂದು ಮುರಿತದ ಸಾಧ್ಯತೆಯನ್ನು ತಳ್ಳಿಹಾಕಬಾರದು.

ಮೊದಲ ಹೆಜ್ಜೆ: ಉಸಿರು ಮತ್ತು ಕುತ್ತಿಗೆ

ಮುಖದ ಮುರಿತದಿಂದ ಸ್ಥಳದಲ್ಲೇ ಪ್ರಾಣಾಪಾಯವಾಗುವುದು ಬಹುತೇಕ ಉಸಿರಿನ ದಾರಿ ಕಟ್ಟಿದಾಗ. ರಕ್ತ, ವಾಂತಿ, ಮುರಿದ ಹಲ್ಲು, ಕಳಚಿದ ಹಲ್ಲುಸೆಟ್ಟು ಗಂಟಲಿಗೆ ಇಳಿಯಬಹುದು. ಕೆಳದವಡೆಯ ಮುಂಭಾಗ ಎರಡೂ ಬದಿಯಲ್ಲಿ ಮುರಿದಿದ್ದರೆ ನಾಲಿಗೆಗೆ ಮುಂದಿನ ಆಧಾರವೇ ತಪ್ಪಿ ಅದು ಹಿಂದಕ್ಕೆ ಜಾರುತ್ತದೆ. ಎಚ್ಚರವಿರುವ ವ್ಯಕ್ತಿ ಇಂಥ ಸ್ಥಿತಿಯಲ್ಲಿ ತಾನಾಗಿಯೇ ಎದ್ದು ಕೂತು ಮುಂದಕ್ಕೆ ಬಾಗುತ್ತಾನೆ. ಅವನ ದೇಹಕ್ಕೆ ದಾರಿ ಗೊತ್ತಿದೆ. ಹಾಗೆ ಕೂತವರನ್ನು ವಿಶ್ರಾಂತಿಯ ಹೆಸರಿನಲ್ಲಿ ಒತ್ತಾಯದಿಂದ ಅಂಗಾತ ಮಲಗಿಸುವುದು ಅಪಾಯಕಾರಿ. ಮುಂದಕ್ಕೆ ಬಾಗಿ ಕೂರಲು ಬಿಡಿ, ಬಾಯಿಗೆ ಬಂದ ರಕ್ತವನ್ನು ನುಂಗದೆ ಹೊರಕ್ಕೆ ಬಿಡಲು ಹೇಳಿ.

ಎಚ್ಚರವಿಲ್ಲದವರು ಉಸಿರಾಡುತ್ತಿದ್ದರೆ, ತಲೆ, ಕುತ್ತಿಗೆ, ಬೆನ್ನು ಒಂದೇ ರೇಖೆಯಲ್ಲಿರುವಂತೆ ಇಬ್ಬರು ಮೂವರು ಸೇರಿ ಪಕ್ಕಕ್ಕೆ ಹೊರಳಿಸಿ, ಬಾಯೊಳಗೆ ಕಣ್ಣಿಗೆ ಕಾಣುವ ವಸ್ತುವಿದ್ದರೆ ಅದನ್ನಷ್ಟೇ ತೆಗೆಯಿರಿ. ಕಾಣದ್ದನ್ನು ಹುಡುಕಲು ಗಂಟಲಿಗೆ ಬೆರಳು ಹಾಕಿದರೆ ಅದು ಇನ್ನೂ ಒಳಕ್ಕೆ ಹೋಗುತ್ತದೆ. ಉಸಿರಾಟವೇ ಇಲ್ಲದಿದ್ದರೆ ಕುತ್ತಿಗೆಯ ಸಂಶಯ ಪಕ್ಕಕ್ಕಿಟ್ಟು ಕೂಡಲೇ ಎದೆ ಒತ್ತುವ ಪ್ರಥಮ ಚಿಕಿತ್ಸೆ ಆರಂಭಿಸಬೇಕು. ಮುಖ ಮುರಿಯುವಷ್ಟು ಬಲ ತಗುಲಿದೆ ಎಂದಮೇಲೆ ಕುತ್ತಿಗೆಯ ಎಲುಬಿಗೂ ಪೆಟ್ಟಾಗಿರಬಹುದು. ಕುತ್ತಿಗೆ ನೋವು, ಕೈಕಾಲುಗಳಲ್ಲಿ ಜೋಮು ಅಥವಾ ಬಲಹೀನತೆ ಇದ್ದರೆ ಆಂಬುಲೆನ್ಸ್ ಬರುವವರೆಗೂ ಕದಲಿಸದಿರುವುದೇ ಒಳ್ಳೆಯದು.

ಹೊರಗಿನ ಗಾಯದ ರಕ್ತವನ್ನು ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು ನಿಲ್ಲಿಸಬಹುದು, ಆದರೆ ಒತ್ತಡ ಕಣ್ಣುಗುಡ್ಡೆಯ ಮೇಲೆ ಬೀಳಬಾರದು. ದವಡೆಯನ್ನು ತಲೆಗೆ ಸೇರಿಸಿ ಬಿಗಿಯಾಗಿ ಕಟ್ಟುವ ಹಳೆಯ ಪದ್ಧತಿಯನ್ನು ಬಿಡಬೇಕು. ವಾಂತಿಯಾದರೆ ಬಾಯಿ ತೆರೆಯಲಾಗದೆ ಉಸಿರು ಕಟ್ಟುತ್ತದೆ.

ಎರಡನೆಯ ಹೆಜ್ಜೆ: ಕಣ್ಣು ಮುಚ್ಚಿಹೋಗುವ ಮೊದಲೇ ದೃಷ್ಟಿ ನೋಡಿ

ರೆಪ್ಪೆಗಳು ಊದಿ ಕಣ್ಣು ಪೂರ್ತಿ ಮುಚ್ಚಿಕೊಂಡ ಮೇಲೆ ಅದರ ದೃಷ್ಟಿಯನ್ನು ಪರೀಕ್ಷಿಸುವುದು ವೈದ್ಯರಿಗೂ ಕಷ್ಟ. ಪೆಟ್ಟು ಬಿದ್ದ ಹೊಸದರಲ್ಲಿ ಹತ್ತಿರವಿದ್ದವರು ಮಾಡಬಹುದಾದ ಅತ್ಯಂತ ಉಪಯುಕ್ತ ಕೆಲಸ ಇದು: ಒಂದು ಕಣ್ಣನ್ನು ಕೈಯಿಂದ ಮರೆಮಾಡಿ ಇನ್ನೊಂದರಲ್ಲಿ ಬೆರಳು ಎಣಿಸಲು, ಅಕ್ಷರ ಓದಲು ಹೇಳಿ, ಆಮೇಲೆ ಇನ್ನೊಂದು ಕಣ್ಣು. ಎರಡೂ ಕಣ್ಣು ತೆರೆದು ನೋಡಿದಾಗ ವಸ್ತು ಎರಡಾಗಿ ಕಾಣುತ್ತದೆಯೇ, ಮೇಲೆ ನೋಡುವಾಗ ಒಂದು ಕಣ್ಣು ಹಿಂದೆ ಉಳಿಯುತ್ತದೆಯೇ ಗಮನಿಸಿ. ಕಂಡದ್ದನ್ನು ಹೊತ್ತಿನೊಂದಿಗೆ ಬರೆದಿಟ್ಟು ಆಸ್ಪತ್ರೆಯಲ್ಲಿ ತಿಳಿಸಿ. ಒಂದು ಗಂಟೆಯ ಹಿಂದೆ ಚೆನ್ನಾಗಿ ಕಾಣುತ್ತಿದ್ದ ಕಣ್ಣು ಈಗ ಮಂಕಾಗಿದೆ ಎಂಬ ಒಂದೇ ಮಾತು ಚಿಕಿತ್ಸೆಯ ದಾರಿಯನ್ನೇ ಬದಲಿಸಬಲ್ಲದು.

ಏಕೆಂದರೆ ಕಣ್ಣುಗುಡ್ಡೆಯ ಹಿಂದೆ ರಕ್ತ ತುಂಬಿಕೊಂಡರೆ, ಹೊರಕ್ಕೆ ಹರಿಯಲು ಜಾಗವಿಲ್ಲದ ಆ ರಕ್ತ ದೃಷ್ಟಿ ನರಕ್ಕೆ ಹೋಗುವ ರಕ್ತಸಂಚಾರವನ್ನು ಅದುಮುತ್ತದೆ. ಕಣ್ಣು ಮುಂದಕ್ಕೆ ಉಬ್ಬಿ ಬಿಗಿಯುವುದು, ತೀವ್ರ ನೋವು, ದೃಷ್ಟಿ ಕುಗ್ಗುತ್ತ ಹೋಗುವುದು, ಕಣ್ಣಪಾಪೆ ಬೆಳಕಿಗೆ ಸರಿಯಾಗಿ ಕಿರಿದಾಗದಿರುವುದು ಅದರ ಗುರುತುಗಳು. ಸುಮಾರು ಒಂದೂವರೆ, ಎರಡು ಗಂಟೆಗಳಲ್ಲಿ ಒತ್ತಡ ಇಳಿಸದಿದ್ದರೆ ದೃಷ್ಟಿ ಮರಳಿ ಬಾರದಿರಬಹುದು. ಹೀಗಾಗಿ ವೈದ್ಯರು ಸ್ಕ್ಯಾನ್‌ಗೂ ಕಾಯದೆ ಕಣ್ಣಿನ ಹೊರಮೂಲೆಯಲ್ಲಿ ಸಣ್ಣ ಕೊಯ್ತ ಮಾಡಿ ಒತ್ತಡ ಬಿಡಿಸುತ್ತಾರೆ. ಅದನ್ನು ಕಂಡು ಬಂಧುಗಳು ಬೆಚ್ಚಬೇಕಾಗಿಲ್ಲ.

ಗೂಡಿನ ತಳ ಒಡೆದಾಗ ಕಾಣುವ ಲಕ್ಷಣಗಳು ಬೇರೆ. ಕಣ್ಣಿನ ಕೆಳಗಿನ ಕೊಬ್ಬೂ ಕಣ್ಣನ್ನು ತಿರುಗಿಸುವ ಸ್ನಾಯುವೂ ಬಿರುಕಿನಲ್ಲಿ ಸಿಕ್ಕಿಕೊಂಡರೆ ಮೇಲೆ ನೋಡುವಾಗ ನೋವಾಗುತ್ತದೆ, ವಸ್ತು ಎರಡಾಗಿ ಕಾಣುತ್ತದೆ. ತಳದಲ್ಲೇ ಹಾದುಹೋಗುವ ನರಕ್ಕೆ ಪೆಟ್ಟಾಗಿ ಕೆಳರೆಪ್ಪೆ, ಕೆನ್ನೆ, ಮೂಗಿನ ಪಕ್ಕ, ಮೇಲ್ತುಟಿ ಮತ್ತು ಆ ಬದಿಯ ಮೇಲಿನ ಮುಂಭಾಗದ ಹಲ್ಲುಗಳಲ್ಲಿ ಸ್ಪರ್ಶ ಕುಂದುತ್ತದೆ. ಊತ ಇಳಿದ ಮೇಲೆ ಕಣ್ಣು ಒಳಸರಿದಂತೆ ಕಾಣಬಹುದು. ಸಿಂಬಳ ತೆಗೆಯಲು ಮೂಗು ಊದಿದ ಕೂಡಲೇ ರೆಪ್ಪೆ ಉಬ್ಬಿ, ಮುಟ್ಟಿದರೆ ಚರಚರ ಎಂದರೆ, ಸೈನಸ್‌ನ ಗಾಳಿ ಕಣ್ಣಿನ ಗೂಡಿಗೆ ನುಗ್ಗಿದೆ ಎಂದರ್ಥ.

ಮಕ್ಕಳ ವಿಷಯದಲ್ಲಿ ಇಲ್ಲಿ ವಿಶೇಷ ಎಚ್ಚರ ಬೇಕು. ಮಕ್ಕಳ ಮೂಳೆ ಬಾಗುವ ಗುಣವುಳ್ಳದ್ದು. ಗೂಡಿನ ತಳ ಕ್ಷಣಮಾತ್ರ ಬಿರುಕುಬಿಟ್ಟು ತೆರೆದು, ಸ್ನಾಯುವನ್ನು ಒಳಗೆ ಸೆಳೆದುಕೊಂಡು, ಮತ್ತೆ ಮುಚ್ಚಿಕೊಳ್ಳುತ್ತದೆ. ಹೊರಗೆ ಕಣ್ಣು ಕೆಂಪಾಗಿರುವುದಿಲ್ಲ, ಕಪ್ಪುಗಟ್ಟಿರುವುದಿಲ್ಲ, ಊತವೂ ಅಷ್ಟಕ್ಕಷ್ಟೆ. ಆದರೆ ಮಗು ಮೇಲಕ್ಕೆ ನೋಡಲಾರದು, ಕಣ್ಣು ತೆರೆಯಲು ಒಪ್ಪುವುದಿಲ್ಲ, ಹೊಟ್ಟೆ ತೊಳಸಿ ವಾಂತಿ ಮಾಡುತ್ತದೆ, ನಾಡಿಬಡಿತ ನಿಧಾನವಾಗಬಹುದು. ವಾಂತಿಯನ್ನು ಕಂಡು ಇದನ್ನು ತಲೆಪೆಟ್ಟೆಂದು ಮಾತ್ರ ಎಣಿಸಿ ಮಗುವನ್ನು ಗಮನದಲ್ಲಿಟ್ಟು ಕೂರುವುದು ಸುಲಭವಾಗಿ ಆಗುವ ತಪ್ಪು. ಸಿಕ್ಕಿಕೊಂಡ ಸ್ನಾಯುವಿಗೆ ರಕ್ತ ಹರಿಯದೆ ಅದು ಸಾಯುತ್ತದೆ. ಒಂದೆರಡು ದಿನಗಳೊಳಗೆ ಶಸ್ತ್ರಚಿಕಿತ್ಸೆಯಿಂದ ಬಿಡಿಸದಿದ್ದರೆ ಎರಡಾಗಿ ಕಾಣುವ ತೊಂದರೆ ಶಾಶ್ವತವಾಗಿ ಉಳಿಯಬಹುದು. ಕಣ್ಣಿಗೆ ಪೆಟ್ಟು ಬಿದ್ದ ಮಗು ವಾಂತಿ ಮಾಡುತ್ತಿದ್ದರೆ, ಅದು ಎರಡೂ ಕಣ್ಣನ್ನು ಸಮನಾಗಿ ಮೇಲೆತ್ತುತ್ತದೆಯೇ ಎಂದು ನೋಡದೆ ಇರಬೇಡಿ.

ಮೂರನೆಯ ಹೆಜ್ಜೆ: ಹಲ್ಲು ಕೂಡುತ್ತವೆಯೇ ಎಂದು ಕೇಳಿ

ನಮ್ಮ ಹಲ್ಲುಗಳು ಪರಸ್ಪರ ಹೇಗೆ ಕೂಡುತ್ತವೆ ಎಂಬುದರಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ನಮಗೆ ತಿಳಿಯುತ್ತದೆ. ಆದ್ದರಿಂದ ಹಲ್ಲು ಮೊದಲಿನ ಹಾಗೆ ಕೂಡುತ್ತಿಲ್ಲ ಎಂದು ಗಾಯಗೊಂಡವರು ಹೇಳಿದರೆ, ಬೇರೆ ಕಾರಣ ಸಾಬೀತಾಗುವವರೆಗೆ ಅದನ್ನು ದವಡೆ ಅಥವಾ ಹಲ್ಲಿನ ಮೂಳೆಯ ಮುರಿತವೆಂದೇ ತಿಳಿಯಬೇಕು. ಮನೆಯಲ್ಲಿ ಸಿಗುವ ಯಾವ ಪರೀಕ್ಷೆಗಿಂತಲೂ ಈ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಕೆಳದವಡೆ ಬಾಗಿದ ಒಂದೇ ಮೂಳೆಯಾಗಿದ್ದು ಎರಡೂ ತುದಿಗಳಲ್ಲಿ ತಲೆಬುರುಡೆಗೆ ಕೀಲಾಗಿ ಸೇರಿರುವುದರಿಂದ, ಒತ್ತಿದ ಗಾಜಿನ ಬಳೆಯ ಹಾಗೆ, ಅದು ಹೆಚ್ಚಾಗಿ ಎರಡು ಕಡೆ ಮುರಿಯುತ್ತದೆ. ಒಂದು ಮುರಿತ ಪೆಟ್ಟು ಬಿದ್ದಲ್ಲಿ, ಇನ್ನೊಂದು ಎದುರು ಬದಿಯಲ್ಲಿ. ಒಂದನ್ನು ಕಂಡುಹಿಡಿದು ತೃಪ್ತರಾಗದೆ ಎರಡನೆಯದನ್ನು ಹುಡುಕಬೇಕು. ಕೀಲಿನ ಕತ್ತು, ಬುದ್ಧಿಹಲ್ಲಿನ ಬಳಿಯ ಕೋನ, ಹಲ್ಲುಗಳನ್ನು ಹೊತ್ತ ನಡುಭಾಗ, ಕೋರೆಹಲ್ಲಿನ ಆಸುಪಾಸು ಇವು ಮುರಿಯುವ ಸಾಮಾನ್ಯ ಜಾಗಗಳು. ಬಾಯಿ ತೆರೆಯುವಾಗ ನೋವು, ದವಡೆ ಒಂದು ಬದಿಗೆ ಎಳೆಯುವುದು, ಹಲ್ಲಿನ ಸಾಲಿನಲ್ಲಿ ಮೆಟ್ಟಿಲು ಮೂಡುವುದು, ಎರಡು ಹಲ್ಲುಗಳ ನಡುವೆ ವಸಡು ಸೀಳುವುದು ಇದರ ಲಕ್ಷಣಗಳು. ಮೂಳೆಯೊಳಗೆ ಸಾಗುವ ನರ ಜಗ್ಗಿದರೆ ಕೆಳತುಟಿ ಮತ್ತು ಗದ್ದದ ಆ ಅರ್ಧಕ್ಕೆ ಸ್ಪರ್ಶ ತಿಳಿಯುವುದಿಲ್ಲ. ನಾಲಿಗೆ ಮೇಲೆತ್ತಿದಾಗ ಅದರ ಕೆಳಗೆ ನೇರಳೆ ಬಣ್ಣದ ರಕ್ತಗಂದು ಕಂಡರೆ ಮುರಿತದ ಸಂಶಯ ಬಹಳ ಬಲವಾಗುತ್ತದೆ.

ಗದ್ದದ ಕೆಳಗೆ ಹರಿದ ಗಾಯವಾಗಿದ್ದರೆ ಹೊಲಿಗೆ ಹಾಕಿ ಕಳಿಸಿದರೆ ಸಾಲದು. ಕಿವಿಯ ಮುಂದಿನ ಎರಡೂ ಕೀಲುಗಳನ್ನು ನೋಡಲೇಬೇಕು. ಎರಡೂ ಕೀಲುಗಳ ಕತ್ತು ಮುರಿದಾಗ ಹಿಂದಿನ ಹಲ್ಲುಗಳು ಮೊದಲೇ ತಾಗಿ ಮುಂದಿನ ಹಲ್ಲುಗಳ ನಡುವೆ ತೆರಪು ಉಳಿಯುತ್ತದೆ. ಮಕ್ಕಳಲ್ಲಿ ಕೀಲಿನ ಈ ಭಾಗ ದವಡೆಯ ಬೆಳವಣಿಗೆಗೂ ಸಂಬಂಧಿಸಿದ್ದು, ಗಮನಿಸದೆ ಬಿಟ್ಟ ಮುರಿತದಿಂದ ಮುಂದೆ ದವಡೆ ಒಂದು ಬದಿಗೆ ಕುಂಠಿತವಾಗಬಹುದು, ಅಪರೂಪಕ್ಕೆ ಕೀಲು ಬೆಸೆದು ಬಾಯಿಯೇ ತೆರೆಯದಂತಾಗಬಹುದು.

ಮೇಲ್ದವಡೆಯ ಮುರಿತಗಳಿಗೆ ಇಂದಿಗೂ ಬಳಸುವ ವಿಂಗಡಣೆ ಫ್ರೆಂಚ್ ವೈದ್ಯ ರೆನೆ ಲ ಫೋರ್ ಅವರದು. ಶವಗಳ ತಲೆಗೆ ಬೇರೆಬೇರೆ ದಿಕ್ಕಿನಿಂದ ಪೆಟ್ಟುಕೊಟ್ಟು, ಮೂಳೆ ಮನಬಂದಂತೆ ಒಡೆಯದೆ ಕೆಲವು ದುರ್ಬಲ ರೇಖೆಗಳನ್ನೇ ಹಿಡಿಯುತ್ತದೆ ಎಂದು ಅವರು 1901ರಲ್ಲಿ ತೋರಿಸಿದರು. ಮೊದಲ ಬಗೆಯಲ್ಲಿ ಮುರಿತ ಹಲ್ಲುಗಳ ಬೇರಿನ ಮೇಲೆ ಅಡ್ಡಲಾಗಿ ಸಾಗಿ, ಹಲ್ಲು ಮತ್ತು ಅಂಗುಳ ಒಟ್ಟಿಗೆ ಅಲುಗಾಡುತ್ತವೆ. ಎರಡನೆಯದು ಮೂಗಿನ ಬುಡದಿಂದ ಎರಡೂ ಕಣ್ಣಿನ ಗೂಡುಗಳ ಕೆಳಗಿನ ಅಂಚಿನ ಮೂಲಕ ತ್ರಿಕೋನಾಕಾರದಲ್ಲಿ ಇಳಿಯುತ್ತದೆ. ಮೂಗೂ ಮೇಲ್ದವಡೆಯೂ ಒಂದಾಗಿ ಕದಲುತ್ತವೆ. ಮೂರನೆಯದರಲ್ಲಿ ಕೆನ್ನೆಮೂಳೆಗಳನ್ನೂ ಸೇರಿಸಿ ಇಡೀ ನಡುಮುಖ ತಲೆಬುರುಡೆಯಿಂದ ಬೇರ್ಪಡುತ್ತದೆ. ನಿಜವಾದ ಅಪಘಾತಗಳಲ್ಲಿ ಎಡಕ್ಕೊಂದು ಬಗೆ ಬಲಕ್ಕೊಂದು ಬಗೆ ಬೆರೆತಿರುವುದೇ ಹೆಚ್ಚು. ಮುಖ ಉದ್ದವಾಗಿಯೋ ನಡುವೆ ತಗ್ಗಾಗಿಯೋ ಕಾಣುವುದು, ಎರಡೂ ಕಣ್ಣಿನ ಸುತ್ತ ಕಪ್ಪುಗಟ್ಟುವುದು, ಮುಂಭಾಗದ ಹಲ್ಲುಗಳು ಕೂಡದಿರುವುದು, ಮೂಗಿನಿಂದ ಎಡೆಬಿಡದೆ ರಕ್ತ ಸೋರುವುದು ಇವುಗಳ ಗುರುತು. ಮೇಲಿನ ಹಲ್ಲನ್ನು ಹಿಡಿದು ಅಲುಗಾಡಿಸಿ ನೋಡುವ ಪರೀಕ್ಷೆಯನ್ನು ವೈದ್ಯರಿಗೇ ಬಿಡಿ.

ಇಡಿಯಾಗಿ ಕಳಚಿದ ಶಾಶ್ವತ ಹಲ್ಲಿಗೆ ಪ್ರತಿ ನಿಮಿಷವೂ ಬೆಲೆಯುಳ್ಳದ್ದು. ಬೇರನ್ನು ಮುಟ್ಟದೆ ಮೇಲ್ಭಾಗವನ್ನಷ್ಟೇ ಹಿಡಿದು, ಮಣ್ಣಾಗಿದ್ದರೆ ಉಜ್ಜದೆ ಕೆಲವು ಕ್ಷಣ ತೊಳೆದು, ವ್ಯಕ್ತಿಗೆ ಪೂರ್ಣ ಎಚ್ಚರವಿದ್ದು ದವಡೆ ಮುರಿದ ಲಕ್ಷಣವಿಲ್ಲದಿದ್ದರೆ ಅದೇ ಗುಳಿಯಲ್ಲಿ ಕೂರಿಸಬಹುದು. ಸಾಧ್ಯವಿಲ್ಲದಿದ್ದರೆ ಹಾಲಿನಲ್ಲಿ ಮುಳುಗಿಸಿ ಒಂದು ಗಂಟೆಯೊಳಗೆ ದಂತವೈದ್ಯರಲ್ಲಿಗೆ ಒಯ್ಯಿರಿ. ಹಾಲುಹಲ್ಲನ್ನು ಮಾತ್ರ ಮರಳಿ ಕೂರಿಸಬಾರದು. ಅದು ಒಳಗೆ ಬೆಳೆಯುತ್ತಿರುವ ಹಲ್ಲಿಗೆ ಹಾನಿ ಮಾಡುತ್ತದೆ. ಹಲ್ಲು ಸಿಗದಿದ್ದರೆ ಅದನ್ನೂ ವೈದ್ಯರಿಗೆ ಹೇಳಿ, ಏಕೆಂದರೆ ಅದು ಶ್ವಾಸಕೋಶಕ್ಕೆ ಇಳಿದಿರಬಹುದು.

ನಾಲ್ಕನೆಯ ಹೆಜ್ಜೆ: ಕೆನ್ನೆ, ಮೂಗು, ಹಣೆ

ಕೆನ್ನೆಮೂಳೆ ನಾಲ್ಕು ದಿಕ್ಕಿನಲ್ಲಿ ಬೇರೆ ಮೂಳೆಗಳಿಗೆ ಸೇರಿಕೊಂಡಿರುತ್ತದೆ. ಬಲವಾದ ಪೆಟ್ಟಿಗೆ ಆ ಸಂಧಿಗಳಲ್ಲಿ ಬಿಟ್ಟುಕೊಂಡು ಒಳಕ್ಕೆ ಕುಸಿಯುತ್ತದೆ. ಗಾಯಗೊಂಡವರ ಹಿಂದೆ ನಿಂತು ಮೇಲಿನಿಂದ ಎರಡೂ ಕೆನ್ನೆಗಳನ್ನು ಹೋಲಿಸಿ ನೋಡಿದರೆ ತಗ್ಗು ಚೆನ್ನಾಗಿ ಕಾಣುತ್ತದೆ. ಕಣ್ಣಿನ ಬಿಳಿಭಾಗದ ಹೊರಮೂಲೆಯಲ್ಲಿ ಅಚ್ಚಕೆಂಪಾದ ರಕ್ತಗಂದು ಇದ್ದು, ಅದರ ಹಿಂದಿನ ಅಂಚು ಕಣ್ಣಿಗೆ ಕಾಣದಷ್ಟು ಒಳಕ್ಕೆ ಹರಡಿದ್ದರೆ, ರಕ್ತ ಗೂಡಿನ ಮೂಳೆಯಿಂದ ಬಂದಿರುವ ಸಂಭವ ಹೆಚ್ಚು. ಕೆನ್ನೆ, ಮೇಲ್ತುಟಿಗಳಲ್ಲಿ ಜೋಮು ಇಲ್ಲಿಯೂ ಇರುತ್ತದೆ. ಕಿವಿಯ ಕಡೆಗೆ ಸಾಗುವ ಕಮಾನು ಒಳಕ್ಕೆ ಒತ್ತಿಹೋದರೆ ಅದರಡಿ ಜಾರಬೇಕಾದ ಕೆಳದವಡೆಯ ಭಾಗ ತಡೆದು, ಬಾಯಿ ಪೂರ್ತಿ ತೆರೆಯಲಾಗುವುದಿಲ್ಲ; ದವಡೆ ಮುರಿಯದಿದ್ದರೂ ದವಡೆಯೇ ಕೆಟ್ಟಂತೆ ತೋರುತ್ತದೆ.

ಮೂಗಿನ ಮುರಿತ ಎಲ್ಲಕ್ಕಿಂತ ಸಾಮಾನ್ಯ, ಮತ್ತು ಅದೇ ಕಾರಣಕ್ಕೆ ಎಲ್ಲಕ್ಕಿಂತ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗುವಂಥದು. ರಕ್ತ ಸೋರುವಿಕೆ, ಸೊಟ್ಟಗಾಗುವುದು, ಮುಟ್ಟಿದರೆ ನೋವು ಎಲ್ಲರಿಗೂ ಗೊತ್ತಿರುವ ಲಕ್ಷಣಗಳು. ಮುಂದಕ್ಕೆ ಬಾಗಿ ಕೂತು, ಮೂಗಿನ ಕೆಳಗಿನ ಮೆತ್ತನೆಯ ಭಾಗವನ್ನು ಹಗುರವಾಗಿ 10ರಿಂದ 15 ನಿಮಿಷ ಹಿಡಿದರೆ ರಕ್ತ ಹೆಚ್ಚಾಗಿ ನಿಲ್ಲುತ್ತದೆ. ಗಮನಿಸಲೇಬೇಕಾದದ್ದು ಮೂಗಿನ ನಡುಗೋಡೆ. ಮೂಗು ಎರಡೂ ಬದಿ ಕಟ್ಟಿಕೊಂಡು, ಹೊಳ್ಳೆಯೊಳಗೆ ಬೆಳಕು ಹಾಕಿದಾಗ ನಡುವಿನಿಂದ ಕೆಂಪು ಅಥವಾ ನೀಲಿಮಿಶ್ರಿತ ಮೆತ್ತನೆಯ ಉಬ್ಬು ಕಂಡರೆ, ಅಲ್ಲಿನ ಮೃದು ಎಲುಬಿನ ಮೇಲೆ ರಕ್ತ ಶೇಖರವಾಗಿದೆ. ಆ ಎಲುಬಿಗೆ ತನ್ನದೇ ರಕ್ತನಾಳಗಳಿಲ್ಲ. ಹೊದಿಕೆ ಬಿಟ್ಟುಕೊಂಡರೆ ಅದು ಕೆಲವೇ ದಿನಗಳಲ್ಲಿ ಕರಗಿ ಮೂಗಿನ ಸೇತು ಕುಸಿಯುತ್ತದೆ, ಕೀವೂ ಆಗಬಹುದು. ಅದನ್ನು ಅದೇ ದಿನ ಬಸಿಯಬೇಕು. ಮೂಳೆಯನ್ನು ನೆಟ್ಟಗೆ ಮಾಡುವ ಕೆಲಸಕ್ಕೆ ಅಷ್ಟು ಅವಸರವಿಲ್ಲ: ಊತ ಇಳಿಯುವ ಮೂರರಿಂದ ಐದು ದಿನಗಳ ನಂತರ ಮತ್ತೆ ತೋರಿಸಿ, ದೊಡ್ಡವರಲ್ಲಿ ಸುಮಾರು ಎರಡು ವಾರದೊಳಗೆ, ಬೇಗ ಕೂಡಿಕೊಳ್ಳುವ ಮಕ್ಕಳಲ್ಲಿ ಒಂದು ವಾರದೊಳಗೆ ಮಾಡಿಸಿದರಾಯಿತು. ಸಾದಾ ಮೂಗಿನ ಮುರಿತಕ್ಕೆ ಎಕ್ಸ್‌ರೇಯಿಂದ ಹೆಚ್ಚಿನ ಪ್ರಯೋಜನವಿಲ್ಲ. ಕಣ್ಣು ಮತ್ತು ಕೈಯ ಪರೀಕ್ಷೆಯೇ ಸಾಕು.

ಮೂಗಿನ ಬುಡ ಎರಡು ಕಣ್ಣುಗಳ ನಡುವೆ ಒಳಕ್ಕೆ ಕುಸಿದು, ಕಣ್ಣಿನ ಒಳಮೂಲೆಗಳ ಅಂತರ ಹೆಚ್ಚಾದಂತೆ ಕಂಡರೆ ಅದು ಸಾದಾ ಮೂಗಿನ ಮುರಿತವಲ್ಲ. ಅಂತರ ಸಾಮಾನ್ಯವಾಗಿ ದೊಡ್ಡವರಲ್ಲಿ 30ರಿಂದ 35 ಮಿಲಿಮೀಟರ್ ಇರುತ್ತದೆ. ಇಂಥಲ್ಲಿಯೂ, ಹಣೆಯ ಸೈನಸ್ ಒಡೆದಾಗಲೂ, ಮಿದುಳನ್ನು ಆವರಿಸಿದ ಪೊರೆ ಹರಿದು ತಿಳಿಯಾದ ನೀರಿನಂಥ ದ್ರವ ಮೂಗಿನಿಂದ ಹನಿಯಬಹುದು. ಬಾಗಿದಾಗ ಅದು ಹೆಚ್ಚುತ್ತದೆ, ಗಂಟಲಲ್ಲಿ ಉಪ್ಪುಪ್ಪೆನಿಸುತ್ತದೆ. ಅದು ಮಿದುಳಿನ ದ್ರವವೇ ಎಂದು ಬೀಟಾ-2 ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನಿನ ಪರೀಕ್ಷೆಯಿಂದ ಖಚಿತಪಡಿಸುತ್ತಾರೆ. ಆ ಮೂಗನ್ನು ತುರುಕಿ ಮುಚ್ಚಬಾರದು, ಸಿಂಬಳ ತೆಗೆಯಲು ಊದಬಾರದು, ಅದರೊಳಗೆ ಯಾವ ಕೊಳವೆಯನ್ನೂ ತೂರಿಸಬಾರದು. ಸೋಂಕು ಒಳಸೇರಿ ಮಿದುಳುಪೊರೆಯ ಉರಿಯೂತ ಬರಬಹುದು. ಕಿವಿಯ ಹಿಂದೆ ಕಪ್ಪುಗಟ್ಟುವುದು ತಲೆಬುರುಡೆಯ ತಳ ಮುರಿದ ಗುರುತು. ಇದು ಒಂದೆರಡು ದಿನ ತಡವಾಗಿಯೂ ಕಾಣಿಸಬಹುದು.

ಆಸ್ಪತ್ರೆಗೆ ಎಷ್ಟು ಬೇಗ, ಅಲ್ಲಿ ಏನು

ಉಸಿರಾಟದ ತೊಂದರೆ, ನಿಲ್ಲದ ರಕ್ತ, ದೃಷ್ಟಿಯಲ್ಲಿ ಯಾವುದೇ ಬದಲಾವಣೆ, ತಿಳಿನೀರಿನ ಸೋರಿಕೆ, ಪ್ರಜ್ಞೆ ತಪ್ಪಿದ್ದು, ಪದೇಪದೇ ವಾಂತಿ, ಹಲ್ಲು ಕೂಡದಿರುವುದು, ನಡುಗೋಡೆಯ ಉಬ್ಬು ಇವುಗಳಲ್ಲಿ ಒಂದಿದ್ದರೂ ಆ ಕ್ಷಣವೇ ತುರ್ತು ವಿಭಾಗಕ್ಕೆ ಹೋಗಬೇಕು. ಬರಿಯ ಜೋಮು ಅಥವಾ ತಗ್ಗಿದ ಕೆನ್ನೆ ಇದ್ದರೆ ಆ ದಿನ ಅಥವಾ ಮರುದಿನ ತೋರಿಸಬಹುದು. ಹೋಗುವ ದಾರಿಯಲ್ಲಿ ಏನನ್ನೂ ತಿನ್ನದೆ, ಕುಡಿಯದೆ ಇರಿ, ಅರಿವಳಿಕೆ ಬೇಕಾಗಬಹುದು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಕಣ್ಣಿನ ಮೇಲೆ ಒತ್ತದೆ, ಒಮ್ಮೆಗೆ 10ರಿಂದ 15 ನಿಮಿಷ ಇಡಬಹುದು. ರಕ್ತ ತೆಳುಮಾಡುವ ಮಾತ್ರೆ ಸೇವಿಸುತ್ತಿದ್ದರೆ, ಧನುರ್ವಾಯು ಚುಚ್ಚುಮದ್ದು ಯಾವಾಗ ಹಾಕಿಸಿದ್ದು ಎಂದು ನೆನಪಿದ್ದರೆ, ಮೊದಲೇ ಹೇಳಿಬಿಡಿ. ಪೆಟ್ಟಿಗೆ ಮುಂಚಿನ, ಹಲ್ಲು ಕಾಣುವ ಹಾಗೆ ನಗುವ ಒಂದು ಭಾವಚಿತ್ರ ಒಯ್ದರೆ ಶಸ್ತ್ರವೈದ್ಯರಿಗೆ ನಿಜಕ್ಕೂ ನೆರವಾಗುತ್ತದೆ.

ಕಣ್ಣಿನ ಗೂಡು, ನಡುಮುಖ, ಹಣೆಯ ಮುರಿತಗಳಿಗೆ ಸಿ.ಟಿ. ಸ್ಕ್ಯಾನ್ ಬೇಕು, ಕೆಳದವಡೆಗೆ ಮಾತ್ರವಾದರೆ ಹಲ್ಲಿನ ಸಾಲನ್ನು ಪೂರ್ತಿ ತೋರಿಸುವ ಒ.ಪಿ.ಜಿ. ಎಕ್ಸ್‌ರೇ ಹಲವು ಬಾರಿ ಸಾಕಾಗುತ್ತದೆ. ಎಲ್ಲ ಮುರಿತಕ್ಕೂ ಶಸ್ತ್ರಚಿಕಿತ್ಸೆ ಬೇಕಿಲ್ಲ. ಮೂಳೆ ಜರುಗದೆ, ಹಲ್ಲು ಸರಿಯಾಗಿ ಕೂಡುತ್ತ, ಕಣ್ಣು ಚೆನ್ನಾಗಿ ಚಲಿಸುತ್ತಿದ್ದರೆ ಮೆತ್ತನೆಯ ಆಹಾರ ಮತ್ತು ನಿಗಾ ಸಾಕು. ಜರುಗಿದ್ದನ್ನು ಸರಿಯಾದ ಜಾಗಕ್ಕೆ ತಂದು ಟೈಟೇನಿಯಂನ ಸಣ್ಣ ತಗಡು ಮತ್ತು ತಿರುಪುಗಳಿಂದ ಕೂಡಿಸುತ್ತಾರೆ. ಕೆಲವರಿಗೆ ಮೇಲಿನ ಮತ್ತು ಕೆಳಗಿನ ಹಲ್ಲುಗಳನ್ನು ತಂತಿ ಅಥವಾ ರಬ್ಬರಿನಿಂದ ಕೆಲವು ವಾರ ಕಟ್ಟಿಡುತ್ತಾರೆ. ತಂತಿ ಕಟ್ಟಿಸಿಕೊಂಡವರ ಬಳಿ ತಂತಿ ಕತ್ತರಿಸುವ ಇಕ್ಕುಳ ಸದಾ ಇರಬೇಕು, ಮನೆಯವರಿಗೆ ಅದನ್ನು ಬಳಸಲು ಆಸ್ಪತ್ರೆಯಲ್ಲೇ ತೋರಿಸಿಕೊಡಬೇಕು.

ದೊಡ್ಡವರ ಕೆಳದವಡೆ ಕೂಡಿಕೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಷ್ಟು ಕಾಲ ಜಗಿಯಬೇಕಾದ ಆಹಾರ ಬಿಡಬೇಕು, ಪ್ರತಿ ಊಟದ ನಂತರ ಬಾಯಿ ತೊಳೆಯಬೇಕು. ಧೂಮಪಾನದಿಂದ ಮೂಳೆ ಕೂಡುವುದು ತಡವಾಗುತ್ತದೆ, ಸೋಂಕೂ ಹೆಚ್ಚು. ಸೈನಸ್ ಅಥವಾ ಕಣ್ಣಿನ ಗೂಡು ಒಡೆದವರು ಕೆಲವು ವಾರ ಸಿಂಬಳ ತೆಗೆಯಲು ಮೂಗು ಊದಬಾರದು, ಸೀನು ಬಂದರೆ ಬಾಯಿ ತೆರೆದು ಬಿಡಬೇಕು. ವಿಮಾನ ಪ್ರಯಾಣ ಮತ್ತು ನೀರಿನಾಳಕ್ಕೆ ಧುಮುಕುವುದನ್ನು ವೈದ್ಯರು ಒಪ್ಪುವವರೆಗೆ ಮುಂದೂಡಬೇಕು. ಜೋಮು ಕಡಿಮೆಯಾಗಲು ತಿಂಗಳುಗಳೇ ಹಿಡಿಯಬಹುದು. ಹೊಸದಾಗಿ ಜ್ವರ, ಕೀವು, ದುರ್ವಾಸನೆ, ಮತ್ತೆ ಎರಡಾಗಿ ಕಾಣುವುದು, ಹಲ್ಲು ಮತ್ತೆ ಕೂಡದಂತಾಗುವುದು ಕಂಡರೆ ಮುಂದಿನ ಭೇಟಿಯ ದಿನಕ್ಕೆ ಕಾಯದೆ ಹೋಗಿ. ಕೀಲಿನ ಮುರಿತವಾದ ಮಗುವಿಗೆ ವೈದ್ಯರು ಹೇಳಿದ ದಿನದಿಂದಲೇ ಬಾಯಿ ತೆರೆಯುವ ವ್ಯಾಯಾಮ ಮಾಡಿಸಿ, ನೋವು ಹೋಗಿ ವರ್ಷಗಳಾದರೂ ಬೆಳವಣಿಗೆ ಮುಗಿಯುವವರೆಗೆ ತಪ್ಪದೆ ಪರೀಕ್ಷೆಗೆ ಕರೆದೊಯ್ಯಿರಿ.